ಹನ್ನೆರಡು ತಾಸಿನ ಪಾಳಿ

ಹಗರಿಬೊಮ್ಮನಹಳ್ಳಿ
೧೪-೧೨-೨೦೨೫, ಭಾನುವಾರ

ಪ್ರೀತಿಯ ಅಂಜಿನಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ತಿರುಪ್ಪೂರಿನ ಹಾಸ್ಟೆಲ್ ಊಟ ಈಗಲಾದರೂ ಒಗ್ಗಿತೇ? ಅಲ್ಲಿ ರೊಟ್ಟಿ ಸಿಗುವುದಿಲ್ಲವೆಂದು ನೀನು ಹೇಳಿದ ಮೇಲೆ ನಾನೂ ತಟ್ಟುವುದನ್ನು ಬಿಟ್ಟಿದ್ದೇನೆ. ಒಬ್ಬಳಿಗೆಂದು ಹಂಚು ಇಡಲು ಮನಸ್ಸಾಗುವುದಿಲ್ಲ. ನಾನು ಆರೋಗ್ಯವಾಗಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಬಿಟ್ಟು ಬೇರೇನೋ ಮಾತಾಡಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಕರಾರು ಮುಗಿಯಿತೆಂದು ನಿನ್ನನ್ನು ಕಳಿಸಿದ ಮೇಲೆ ನಮ್ಮ ಗಾರ್ಮೆಂಟ್ಸಿನಲ್ಲಿ ನಿನ್ನ ಮಷೀನಿಗೆ ಪ್ಲಾಸ್ಟಿಕ್ ಹೊದಿಸಿಟ್ಟಿದ್ದಾರೆ. ಕಾಲರ್ ಹೊಲಿದು ರೂಢಿಯಂತೆ ಆ ಕಡೆ ಚಾಚುತ್ತೇನೆ, ತೆಗೆದುಕೊಳ್ಳುವವರಿಲ್ಲ. ಹೋದ ಗುರುವಾರ ಮ್ಯಾನೇಜರ್ ಎಲ್ಲರನ್ನೂ ಊಟದ ಹಾಲಿಗೆ ಕರೆದರು. "ಕಾನೂನು ಬದಲಾಗೈತಿ. ನೀವು ಒಪ್ಪಿದ್ರ ದಿನಕ್ಕ ಹನ್ನೆರಡು ತಾಸು, ವಾರಕ್ಕ ನಾಲ್ಕೇ ದಿನ. ಉಳಿದ ದಿನ ಮನ್ಯಾಗ ಇರ್ರಿ," ಎಂದರು. ಸಿಮ್ರಾನಳಿಗೆ ಖುಷಿಯಾಯಿತು. ದಿನವೂ ಹಂಪಸಾಗರದಿಂದ ಬಸ್ಸಿನಲ್ಲಿ ನಿಂತು ಬರುವವಳು, ಎರಡು ದಿನದ ಓಡಾಟ ತಪ್ಪುತ್ತದೆಂದರೆ ಬೇಡವೆನ್ನುತ್ತಾಳೆಯೇ? ಅವಳದು ತಪ್ಪೆಂದು ನನಗೆ ಈಗಲೂ ಅನಿಸಿಲ್ಲ. ಆದರೆ ನಮ್ಮ ಸಾಲಿನ ಭೂಮಿಕಾಳ ಕೂಸು ಇನ್ನೂ ಮೊಲೆ ಬಿಟ್ಟಿಲ್ಲ. ಅವಳು ತಲೆ ತಗ್ಗಿಸಿ ಕೂತಿದ್ದಳು. ಒಪ್ಪುವವರು ಕೈ ಎತ್ತಿರಿ ಎಂದರು. ಕೈಗಳು ಏಳತೊಡಗಿದವು. ಇಂಥ ಹೊತ್ತಿನಲ್ಲಿ ಎದ್ದು ಮಾತಾಡುವವಳು ನೀನು. ನೀನಿಲ್ಲದ್ದಕ್ಕೆ ನಾನೆದ್ದೆ. "ಸರ್, ಎಂಟು ತಾಸಿಗೇ ಕೈ ಮರಗಟ್ಟತಾವ. ಕೂಸು ಇದ್ದಾಕಿ ಹನ್ನೆರಡು ತಾಸು ಹೆಂಗ ಕುಂದರಬೇಕ್ರಿ? ಬೇಕಾದವರಿಗೆ ಕೊಡ್ರಿ, ಬ್ಯಾಡಾದವರಿಗೆ ಹಳೇ ಪಾಳಿ ಇರ್ಲಿ." ಮ್ಯಾನೇಜರ್ ಕೇಳಲಿಲ್ಲ. "ಎರಡು ಥರ ನಡಸಾಕ ಬರಂಗಿಲ್ಲ," ಎಂದರು. ಭೂಮಿಕಾ ಬಂದು ನನ್ನ ಪಕ್ಕ ನಿಂತಳು. ಆಮೇಲೆ ಒಬ್ಬೊಬ್ಬರೇ ಕೈ ಇಳಿಸಿದರು. ಸದ್ಯಕ್ಕೆ ಹಳೇ ಪಾಳಿಯೇ ಉಳಿದಿದೆ.

"ನಿನಗೇನವಾ, ನಿನ್ನ ಮನಿ ಇಲ್ಲೇ ಐತಿ," ಎಂದ ಸಿಮ್ರಾನ್ ಈಗ ಬುತ್ತಿ ಹಿಡಿದುಕೊಂಡು ಬೇರೆ ಬೆಂಚಿಗೆ ಹೋಗುತ್ತಾಳೆ. ಭೂಮಿಕಾ ಊಟದ ಹೊತ್ತಿಗೆ ಕೂಸಿನ ಹತ್ತಿರ ಓಡುತ್ತಾಳೆ. ನಾನು ಒಬ್ಬಳೇ ಉಣ್ಣುತ್ತೇನೆ. ಸಂಜೆ ಕೋಣೆಗೆ ಬಂದರೆ ಮಾತಾಡಿಸಲು ಯಾರೂ ಇಲ್ಲ; ಬಚ್ಚಲಲ್ಲಿ ನೀರು ತುಂಬುವ ಸದ್ದೂ ದೊಡ್ಡದಾಗಿ ಕೇಳುತ್ತದೆ.

ಮೈ ಕಡೆ ಲಕ್ಷ್ಯವಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ಕೋಣೆಯ ಗೆಳತಿಯರನ್ನು ನಾನು ಕೇಳಿದೆನೆಂದು ಹೇಳು.

ನಿನ್ನ ತಂಗಿ
ಶಿವಗಂಗಾ

ಇನ್ನೊಂದು ಮಾತು. ಸಭೆಗೆ ಮೊದಲು ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದು, "ಇದಕ್ಕ ಒಪ್ಪಿಗಿ ಸಿಕ್ರ ಹಳಬರನ್ನ ತಿರುಗಿ ತಗೋತೀವಿ. ಮೊದಲು ನಿಮ್ಮಕ್ಕನ್ನ ಕರಸ್ತೀವಿ," ಎಂದಿದ್ದರು. ಅದು ಗೊತ್ತಿದ್ದೇ ಎದ್ದು ನಿಂತೆ ಅಕ್ಕಾ. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ. ಬೈಯುವುದಕ್ಕಾದರೂ ಫೋನ್ ಮಾಡು. ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ.