ಜೋಡಿ ನಕ್ಷತ್ರದ ಎರಡನೆಯದು

ಸಮಸ್ತ ಗ್ರಹತಾರೆಗಳ ಒಡೆಯರೂ ನಮ್ಮ ತಾರಾಲಯದ ಏಕಮಾತ್ರ ಆಪರೇಟರೂ ಆಗಿದ್ದ ಅಪ್ಪನಿಗೆ, ಈಗ ಆ ಕುರ್ಚಿಯನ್ನೇರಿರುವ ಕಿಡಿಗೇಡಿ ಮಗಳ ವರದಿ.

ಈ ಬೆಳಿಗ್ಗೆ ನಕ್ಷತ್ರಗಳನ್ನು ಮೂಡಿಸುವ ಗೋಲವನ್ನು ಬಿಚ್ಚಿ, ಹೋದ ವರ್ಷ ನಾನು ಸೂಜಿಯಿಂದ ಕೊರೆದಿದ್ದ ಕಳ್ಳ ತೂತಿಗೆ ಕಪ್ಪು ಬಣ್ಣ ಬಳಿದೆ. ನೆನಪಿದೆಯಲ್ಲ? ಗುಮ್ಮಟದಲ್ಲಿ ಯಾವ ನಕ್ಷತ್ರಪಟದಲ್ಲೂ ಇಲ್ಲದ ಚುಕ್ಕಿ ಕಂಡು ಗಾಬರಿಯಾಗಿ, ಕಣ್ಣಿನ ಡಾಕ್ಟರಿಗೆ ತೋರಿಸಬೇಕೆಂದು ನೀವು ಚಪ್ಪಲಿ ಮೆಟ್ಟಿದ್ದಿರಿ. ನಾನು ಬಿದ್ದು ಬಿದ್ದು ನಕ್ಕು ತಪ್ಪೊಪ್ಪಿಕೊಂಡೆ.

“ಕತ್ತೆ! ಆದ್ರೆ ನಂಗೆ ಎರಡು ಕಾಣ್ತಿದೆಯಲ್ಲೇ?” ಅಂದಿರಿ.

“ಜೋಡಿ ನಕ್ಷತ್ರ ಅಪ್ಪಾ, ನೀವೇ ಪಾಠ ಮಾಡಿದ್ದು,” ಅಂದೆ. ನೀವೂ ನಕ್ಕು ಚಪ್ಪಲಿ ಬಿಚ್ಚಿದಿರಿ.

ನಾನು ಕೊರೆದಿದ್ದು ಒಂದೇ ತೂತು. ನಿಮ್ಮ ತಲೆಯೊಳಗೆ ಗಡ್ಡೆಯಿದೆಯೆಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು.

ಇರಲಿ, ವರದಿ ಮುಂದುವರಿಯುತ್ತದೆ. ಮಧ್ಯಾಹ್ನದ ಪ್ರದರ್ಶನದಲ್ಲಿ ದೀಪ ಆರಿಸಿದಾಗ, ಗುಮ್ಮಟದಲ್ಲಿ ಆ ಕಳ್ಳ ಚುಕ್ಕಿಯಿದ್ದ ಜಾಗದಲ್ಲೇ ಒಂದು ಚುಕ್ಕಿ ಹೊಳೆಯಿತು. ಟಿಕೆಟ್ ಕೊಡುವ ಅತ್ತೆಯನ್ನು ಕರೆದು ತೋರಿಸಿದೆ.

“ಎಲ್ಲೇ? ಅಲ್ಲಿ ಬರೀ ಕತ್ತಲೆ. ನಿನ್ನ ಆಟ ನನ್ನ ಹತ್ರ ಬೇಡ!”

ನಕ್ಷತ್ರಗಳು ತಮ್ಮ ತಮ್ಮ ಜಾಗ ಬಿಡುವುದಿಲ್ಲ, ಅವುಗಳ ನಡುವೆ ಅಲೆಯುವುದು ಗ್ರಹ ಎಂದು ನೀವು ದಿನವೂ ಹೇಳುತ್ತಿದ್ದಿರಿ. ಪರೀಕ್ಷಿಸಿದೆ. ಕಣ್ಣು ಹೊರಳಿಸಿದ ಕಡೆಗೆಲ್ಲ ಅದೂ ಬಂತು. ಗ್ರಹವೇ ಇರಬೇಕು, ಅಥವಾ ನನ್ನ ಗ್ರಹಚಾರ.

ಚಪ್ಪಲಿ ಮೆಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ ಹತ್ತಿರ ಹೊರಟಿದ್ದೇನೆ, ಅಪ್ಪಾ. ನಕ್ಕು ತಡೆಯುವವರು ಯಾರೂ ಇಲ್ಲ.