ಸಮುದ್ರದ ಎಣ್ಣೆ ಮತ್ತು ಮನ್ನಾಏಖೇಳ್ಳಿಯ ಒಡೆದ ಒಲೆ

ಮಾನ್ಯ ಮಂತ್ರಿಗಳೇ,

ದೇಶದ ಸಮುದ್ರದ ತಳದಲ್ಲಿರುವ ಎಣ್ಣೆಗೂ ಅನಿಲಕ್ಕೂ ಒಡೆಯರಾಗಿ ದಿಲ್ಲಿಯಲ್ಲಿ ಕುಳಿತಿರುವ ತಮಗೆ, ಸಮುದ್ರವನ್ನೇ ಕಾಣದ ಹುಮನಾಬಾದ ತಾಲ್ಲೂಕಿನ ಪ್ರಜೆಯೊಬ್ಬನ ಸಾಷ್ಟಾಂಗ ನಮಸ್ಕಾರಗಳು. ತಕರಾರು ಇಷ್ಟೇ. ತಮ್ಮ ಮಾತು ನಂಬಿ ನಮ್ಮ ಕಾಕಿ ಒಲೆ ಒಡೆದರು. ತಮ್ಮ ಎಣ್ಣೆ ಬರಲಿಲ್ಲ. ಈಗ ಒಲೆಯನ್ನು ಮತ್ತೆ ಹಾಕುವಂತೆಯೂ ಇಲ್ಲ.

ಕಾಕಿ ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ ಕಮಳಾಬಾಯಿ. ಮನ್ನಾಏಖೇಳ್ಳಿಯ ಬಸ್ ನಿಲ್ದಾಣದ ಎದುರು ಖಾನಾವಳಿ ನಡೆಸುತ್ತಾರೆ. ಹೈದರಾಬಾದಿಗೆ ಹೋಗುವ ಲಾರಿಯವರು ಅವರ ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣದೆ ಮುಂದೆ ಹೋದದ್ದಿಲ್ಲ. ಮುಂಬಯಿ ಸಮುದ್ರದಲ್ಲಿ ಎಣ್ಣೆ ಸಿಕ್ಕಿದೆ, ಅದು ಪ್ರತಿಯೊಬ್ಬ ಪ್ರಜೆಯ ಸಂಪತ್ತು ಎಂದು ರೇಡಿಯೋದಲ್ಲಿ ತಮ್ಮ ಭಾಷಣ ಬಂದಾಗ ಅವರು ರೊಟ್ಟಿ ಬಡಿಯುತ್ತಿದ್ದರು. 'ಪ್ರತಿಯೊಬ್ಬ' ಎಂಬುದನ್ನು ತಾವು ಭಾಷಣದ ಶೋಭೆಗೆ ಹೇಳಿರಬಹುದು. ನಮ್ಮ ಕಡೆ ಸಂಪತ್ತು ಎಂದಕೂಡಲೇ ಜನ ಪಾಲು ಕೇಳುತ್ತಾರೆ.

"ಹಂಗಾದ್ರ ಅದರಾಗ ನಂದೂ ಪಾಲ ಅದ ಅನ್ನು," ಎಂದರು ಕಾಕಿ.

"ಅದ ಕಾಕಿ. ಸಮುದ್ರ ದೊಡ್ಡದದ, ಎಲ್ಲಾರಿಗೂ ಮುಟ್ಟತದ," ಎಂದೆ. ತಮ್ಮ ಇಲಾಖೆಯ ವಕ್ತಾರನಾಗಿ ಸಂಬಳವಿಲ್ಲದೆ ನಾನು ಸಲ್ಲಿಸಿದ ಸೇವೆ ಅದು. ದಾಖಲೆಗಿರಲಿ.

ಅದೇ ಸಮಯಕ್ಕೆ ಜಾಗದ ಮಾಲಕರಾದ ಬಸವಣಪ್ಪನವರು ಪಕ್ಕದ ಮಳಿಗೆಯಲ್ಲಿ ಸೀರೆ ಅಂಗಡಿ ತೆರೆದರು. ಕಾಕಿಯ ಒಲೆಯ ಹೊಗೆ ಸೀದಾ ಸೀರೆಗಳಿಗೆ ಹೋಗುತ್ತಿತ್ತು. "ನೋಡ್ರಿ ಬಾಯಿ, ಹೊಗಿ ಇರಬಾರದು. ಸ್ಟೋ ಮ್ಯಾಲ ಮಾಡೋದಿದ್ರ ಇರ್ರಿ, ಇಲ್ಲಾಂದ್ರ ಜಾಗ ಖಾಲಿ ಮಾಡ್ರಿ," ಎಂದರು. ಬೇರೆ ದೇಶದ ಹೆಂಗಸಾದರೆ ಹೆದರುತ್ತಿದ್ದಳು. ಕಾಕಿಗೆ ಸಮುದ್ರದಲ್ಲಿ ಪಾಲಿತ್ತಲ್ಲ, "ಆಗಲಿ" ಎಂದರು. ಅತ್ತೆಯ ಕೈಯಿಂದ ಆಗಿದ್ದ ಜೋಡೊಲೆಯನ್ನು ಹಾರೆಯಿಂದ ಒಡೆಸಿ, ಪಂಪ್ ಸ್ಟೋ ತಂದು, ಬಸ್ಸಿನವರಿಗೆಲ್ಲ ಸಕ್ಕರೆ ಹಂಚಿದರು. ಬಸವಣಪ್ಪನವರು ಗೋಡೆಗೆ ಸುಣ್ಣ ಹೊಡೆಸಿದರು. ರಾಷ್ಟ್ರದ ಪ್ರಗತಿ ಇಷ್ಟು ಬೆಳ್ಳಗೆ ಮತ್ತೆಲ್ಲಾದರೂ ಕಂಡಿತ್ತೇ?

ಮುಂದಿನದು ತಮಗೆ ಗೊತ್ತಿರಲಿಕ್ಕಿಲ್ಲ, ತಮ್ಮ ಮನೆಗೆ ಸಿಲಿಂಡರ್ ಬರುತ್ತದೆ. ಹುಮನಾಬಾದಿನ ಡಿಪೋ ಮುಂದೆ ಸ್ಟೋಗೆ ಹಾಕುವ ಚಿಮಣಿ ಎಣ್ಣೆಗಾಗಿ, ಅಂದರೆ ಸೀಮೆಎಣ್ಣೆಗಾಗಿ, ಪಾಳಿ ಹಚ್ಚುವುದು ಮನುಷ್ಯರಲ್ಲ, ಡಬ್ಬಿಗಳು. ಹಿಡಿಕೆಗಳಿಗೆಲ್ಲ ಒಂದೇ ಹಗ್ಗ ಪೋಣಿಸಿ ಜನ ಕೆಲಸಕ್ಕೆ ಹೋಗುತ್ತಾರೆ. ನಡುವೆ ಯಾರೂ ಡಬ್ಬಿ ತುರುಕುವುದಿಲ್ಲ. ಇಷ್ಟು ಶಿಸ್ತು ತಮ್ಮ ಕಚೇರಿಯಲ್ಲಿದೆಯೇ? ಡಿಪೋದ ಮಹಾರುದ್ರಪ್ಪನವರು ಮಾತ್ರ ಪ್ರತಿ ಸಲವೂ ಒಂದೇ ಮಾತು ಹೇಳುತ್ತಾರೆ: "ಟ್ಯಾಂಕರ್ ಬಂದಿಲ್ಲ ತಮ್ಮಾ. ಸಮುದ್ರದಾಗಿನ ಎಣ್ಣಿ ಅಂದ್ರ ಬಾವ್ಯಾಗಿನ ನೀರೇನು, ಸೇದಿದ ಕೂಡ್ಲೇ ಬರಾಕ?"

ಇಷ್ಟರಲ್ಲಿ ಬೇಮಳಖೇಡದ ಮಚ್ಚೇಂದ್ರ ರಜೆಗೆ ಬಂದ. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಯ ಕಂಬಿಗಳಿಗೆ ಬಣ್ಣ ಬಳಿಯುವ ಕೆಲಸ ಅವನದು. ಇಡೀ ಕಟ್ಟೆ ತನ್ನ ಹೆಗಲ ಮೇಲೆಯೇ ನಿಂತಿದೆ ಎಂಬಂತೆ ಮಾತಾಡುತ್ತಾನೆ. ಕಾಕಿಯ ಖಾನಾವಳಿಯಲ್ಲಿ ಕುಳಿತು, ಅಲ್ಲಿ ಎಣ್ಣೆಯ ಜೊತೆ ಬರುವ ಗ್ಯಾಸನ್ನು ಸುಟ್ಟುಬಿಡುತ್ತಾರೆ, ಆ ಉರಿ ಹಗಲೂ ರಾತ್ರಿ ಆರುವುದಿಲ್ಲ ಎಂದ.

"ಯಾಕೋ ಸುಡ್ತಾರ?" ಎಂದರು ಕಾಕಿ.

"ಎಲ್ಲಾ ಗ್ಯಾಸ ದಂಡಿಗಿ ತರಾಕ ಪೈಪ ಸಾಲಂಗಿಲ್ಲಂತ್ರಿ ಬಾಯಿ."

"ಅಷ್ಟು ಉರಿ ಮ್ಯಾಲ ಏನರ ಇಡ್ತಾರೇನು?"

"ಏನೂ ಇಡಂಗಿಲ್ರಿ."

ಕಾಕಿ ತಣ್ಣಗಿದ್ದ ಸ್ಟೋ ಕಡೆ ನೋಡಿ, "ಹಂಗಾದ್ರ ನನ್ನ ಪಾಲಿಂದು ಅಲ್ಲೇ ಸುಡಾಕತ್ತಾರ," ಎಂದರು. ನಾನು ಆ ದಿನ ನಗಲಿಲ್ಲ. ನನ್ನನ್ನು ಬಲ್ಲವರಿಗೆ ಇದು ದೊಡ್ಡ ಸುದ್ದಿ.

ಸಮುದ್ರ ಕೊರೆಯಬೇಡಿ ಎನ್ನುವಷ್ಟು ದಡ್ಡ ನಾನಲ್ಲ. ಅರಬರು ಬೆಲೆ ಏರಿಸಿದಾಗಲೆಲ್ಲ ಬಸವಕಲ್ಯಾಣದ ಬಸ್ಸಿನ ಟಿಕೇಟೂ ಏರುತ್ತದೆ. ನಮ್ಮ ಎಣ್ಣೆ ನಮ್ಮಲ್ಲೇ ಸಿಕ್ಕರೆ ನನಗೂ ಎದೆಯುಬ್ಬುತ್ತದೆ. ಇನ್ನೂ ಆಳಕ್ಕೆ ಇಳಿಯುತ್ತೇವೆ, ಮುಂದಿನ ಯೋಜನೆಯಲ್ಲಿ ಇನ್ನಷ್ಟು ಬಾವಿ ತೋಡುತ್ತೇವೆ, ಭವಿಷ್ಯ ಉಜ್ವಲ ಎಂದು ಪೇಪರಿನಲ್ಲಿ ಬರೆಸಿದ್ದೀರಿ. ಅಷ್ಟು ಗ್ಯಾಸ್ ಉರಿಯುವಾಗ ಉಜ್ವಲವಾಗದೆ ಇನ್ನೇನಾದೀತು? ಆದರೆ ಸಮುದ್ರದ ತಳ ಮುಟ್ಟಿ ಬಂದವರಿಗೆ ಮನ್ನಾಏಖೇಳ್ಳಿ ಮುಟ್ಟಲು ಯಾಕೆ ಆಗುವುದಿಲ್ಲ? ಆ ಬಾವಿ ಬತ್ತುವ ಹೊತ್ತಿಗೆ ನಮ್ಮ ಟ್ಯಾಂಕರ್ ಹೊರಟಿರುತ್ತದೆಯೇ?

ಕಾಕಿ ಈಗ ಬೇಮಳಖೇಡದ ರಸ್ತೆಯಲ್ಲಿರುವ ಮನೆಯ ಕಟ್ಟಿಗೆ ಒಲೆಯಲ್ಲಿ ರೊಟ್ಟಿ ಬಡಿದು ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಬರುವಷ್ಟರಲ್ಲಿ ರೊಟ್ಟಿ ಆರಿರುತ್ತದೆ, ಲಾರಿಯವರು ಬೇರೆ ಕಡೆ ಬ್ರೇಕ್ ಹಾಕುತ್ತಿದ್ದಾರೆ. ಯುಗಾದಿಯೊಳಗೆ ಖಾನಾವಳಿ ಸರಿಯಾಗಿ ನಡೆಯದಿದ್ದರೆ ಜಾಗ ಬೇರೆಯವರಿಗೆ ಎಂದು ಬಸವಣಪ್ಪನವರು ಹೇಳಿಯಾಗಿದೆ.

ಆದ್ದರಿಂದ ನನ್ನ ಬೇಡಿಕೆ: ಯುಗಾದಿಗೆ ಮುಂಚೆ ಹುಮನಾಬಾದಿನ ಡಿಪೋಗೆ ಎಣ್ಣೆ ಮುಟ್ಟಿಸಿ. ಆಗದಿದ್ದರೆ ಅದೇ ರೇಡಿಯೋದಲ್ಲಿ, ಅದೇ ಗಂಭೀರ ಧ್ವನಿಯಲ್ಲಿ, ಸಮುದ್ರದ ಎಣ್ಣೆಯಲ್ಲಿ ಮನ್ನಾಏಖೇಳ್ಳಿಗೆ ಪಾಲಿಲ್ಲ, ಯಾರೂ ಒಲೆ ಒಡೆಯಬೇಡಿ ಎಂದು ಸಾರಿ. ಬಸವಣಪ್ಪನವರು ಸರ್ಕಾರದ ಮಾತಿಗೆ ಬೆಲೆ ಕೊಡುವವರು. ಅದನ್ನು ಕೇಳಿಯಾದರೂ ಹೊಗೆಗೆ ಒಪ್ಪಿಯಾರು. ಕಾಕಿ ನಿನ್ನೆಯೇ ಖಾನಾವಳಿಯ ಹಿಂದೆ ಮಣ್ಣಿಗೆ ಹೊಟ್ಟು ಬೆರೆಸಿ ನೆನೆಹಾಕಿದ್ದಾರೆ. ಒಲೆಯನ್ನು ಇಲ್ಲೇ ಹಾಕಬೇಕೋ, ಬೇರೆ ಜಾಗದಲ್ಲೋ ಎಂಬುದನ್ನು ಮಣ್ಣು ಒಣಗುವುದರೊಳಗೆ ತಿಳಿಸುವುದು.

ಇಂತಿ,
ಮುಂಬಯಿ ಸಮುದ್ರದ ಸಹಮಾಲೀಕ, ಸದ್ಯ ಆರಿದ ರೊಟ್ಟಿಯ ಗಿರಾಕಿ,
ಉತ್ತಮ
ಮನ್ನಾಏಖೇಳ್ಳಿ, ೧೯೮೦