ಗಿರಾಕಿಗೆ ತಕ್ಕ ದೂರ

ಲಾಸ್ ಪಾಲ್ಮಾಸ್ ವಿಮಾನ ನಿಲ್ದಾಣ
ಏಪ್ರಿಲ್ 23, 1994

ಆರ್ವಿಡ್,

'ಪ್ರಿಯ' ಎಂದು ಬರೆಯಹೋಗಿ ಬಿಟ್ಟೆ. ನಿನ್ನ ಪತ್ರದಲ್ಲಿ ಆ ಶಬ್ದ ಇಬ್ಬರಿಗೂ ಸಾಕಾಗುವಷ್ಟು ಸಲ ಬಂದಿದೆ.

ಮಗಳು ಹದಿನೈದಕ್ಕೆ ಕಾಲಿಟ್ಟು ಚರ್ಚಿನಲ್ಲಿ ದೃಢೀಕರಣ ಪಡೆಯುವ ದಿನ ಬರಲಾಗುವುದಿಲ್ಲ ಎನ್ನುವುದಕ್ಕೆ ನೀನು ಕೊಟ್ಟ ಕಾರಣ ಬೆನ್ನುನೋವಲ್ಲ, ಕೆಲಸವಲ್ಲ, ದೂರ. ಈ ಬಿಸಿಲ ದ್ವೀಪದಿಂದ ಉತ್ತರದ ನಮ್ಮೂರು ಟ್ರೊಮ್ಸೊಗೆ ಐದು ಸಾವಿರ ಕಿಲೋಮೀಟರ್, ಮ್ಯಾಡ್ರಿಡ್‌ನಲ್ಲಿ ಇಳಿಯಬೇಕು, ಓಸ್ಲೋದಲ್ಲಿ ರಾತ್ರಿ ಕಳೆಯಬೇಕು, ಮತ್ತೆ ಹತ್ತಬೇಕು. ಓದುತ್ತಿದ್ದಾಗ ಧ್ರುವಕ್ಕೆ ಹೊರಟವರ ನೆನಪಾಯಿತು. ಅವರಾದರೂ ಹೊರಟಿದ್ದರು.

ದೃಢೀಕರಣದ ದಿನದ ಊಟದಲ್ಲಿ ಅಪ್ಪ ಎದ್ದು ನಿಂತು ನಾಲ್ಕು ಮಾತಾಡಬೇಕು. ಕುಡುಕ ಅಪ್ಪಂದಿರೂ ಆವತ್ತು ಟೈ ಕಟ್ಟಿ ನಿಲ್ಲುತ್ತಾರೆ. ನೀನು ಭಾಷಣ ಬರೆದು ಕಳಿಸಿದ್ದೀಯ, ನಿನ್ನ ಅಣ್ಣ ಓದಲಿ ಎಂದು. ಸಮುದ್ರ, ರೆಕ್ಕೆ, ಹಂಬಲ. ಮಗಳು ಬರುವುದು ಒಂದೇ ಕಡೆ, 'ನನ್ನ ಪುಟ್ಟ ಹಕ್ಕಿ' ಎಂದು. ಹಕ್ಕಿಯ ಪಾದ ಈಗ ನನ್ನದಕ್ಕಿಂತ ದೊಡ್ಡದು.

ಮಾರೆನ್ ಮಾತ್ರ ನಿನ್ನನ್ನು ನಂಬಿದಳು. "ಪಾಪ, ಅಷ್ಟು ದೂರ ಅಪ್ಪ ಒಬ್ರೇ ಹೆಂಗ್ ಬರ್ತಾರಮ್ಮ? ಹೋಗಿ ಕರ್ಕೊಂಡು ಬಂದ್ರಾಯ್ತು."

ಹೀಗಾಗಿ ಬಂದೆ. ಚಳಿಗಾಲದ ನೇರ ವಿಮಾನಗಳು ಇನ್ನೂ ನಿಂತಿರಲಿಲ್ಲ. ಆರೂವರೆ ಗಂಟೆ, ಅದರಲ್ಲಿ ಅರ್ಧ ನಿದ್ದೆ ಮಾಡಿದೆ.

ಮರುದಿನ ಇಲ್ಲಿರುವ ನಮ್ಮ ದೇಶದ ನಾವಿಕರ ಚರ್ಚಿನ ಕಾಫಿ ಕೋಣೆಯ ತೆರೆದ ಕಿಟಕಿಯ ಹೊರಗೆ ನಿಂತಿದ್ದೆ. ಒಳಗೆ ನೀನು, ಬಿಳಿ ಪ್ಯಾಂಟು, ಕೈಯಲ್ಲಿ ವಾಫಲ್. ಚಳಿಯಿಂದ ತಪ್ಪಿಸಿಕೊಂಡು ಬಂದ ನಮ್ಮ ಕಡೆಯ ಮುದುಕರಿಗೆ ನೀನು ಫ್ಲ್ಯಾಟು ಮಾರುತ್ತಿದ್ದೆ.

ಒಬ್ಬ ಮುದುಕಿ ಕೇಳಿದಳು: "ಮೊಮ್ಮಕ್ಕಳನ್ನ ನೋಡ್ಬೇಕು ಅನ್ಸಿದ್ರೆ? ಬಲು ದೂರ ಆಯ್ತಲ್ಲಪ್ಪ ಇದು."

ನೀನು ನಕ್ಕೆ. "ದೂರಾನಾ? ಏನಜ್ಜಿ ನೀವು! ಬೆಳಿಗ್ಗೆ ಇಲ್ಲಿ ಕಾಫಿ ಕುಡ್ದು ಹತ್ತಿ, ಸಂಜೆ ಟ್ರೊಮ್ಸೊದಲ್ಲಿ ಮೀನು ತಿನ್ನಿ. ನೀವು ಊರು ಬಿಟ್ಟಿದ್ದೇ ಮೊಮ್ಮಕ್ಕಳಿಗೆ ಗೊತ್ತಾಗಲ್ಲ!"

"ನೀನು ಹೋಗ್ತಿರ್ತೀಯಾ?"

"ಹೋಗ್ದೆ ಇರ್ತೀನಾ? ಮಗಳಿದಾಳಲ್ಲ ಅಲ್ಲಿ."

ಗಿರಾಕಿಯ ಮುಖ ನೋಡಿ ಭೂಮಿಯನ್ನು ಮಡಚುವ, ಬಿಚ್ಚುವ ವಿದ್ಯೆ ನಿನಗಿತ್ತೆಂದು ಇಷ್ಟು ವರ್ಷದ ಸಂಸಾರದಲ್ಲಿ ನನಗೆ ತಿಳಿದಿರಲಿಲ್ಲ. ಸಿಟ್ಟು ಬರಲಿಲ್ಲ. ವಾಫಲಿನ ಜಾಮು ನಿನ್ನ ಗಲ್ಲಕ್ಕೆ ಹತ್ತಿತ್ತು, ಅದನ್ನೇ ನೋಡುತ್ತಿದ್ದೆ. ಸಿಟ್ಟಿಗೂ ಎದುರಿಗೊಬ್ಬ ಮನುಷ್ಯ ಬೇಕು.

ಅಲ್ಲಿಂದ ಹೊರಟವಳು ಉಳಿದ ದಿನವೆಲ್ಲ ಸಮುದ್ರದ ದಡದಲ್ಲಿ ಕಳೆದೆ. ಬಿಸಿಲು ಚೆನ್ನಾಗಿದೆ. ನಿನ್ನ ಜಾಹೀರಾತಿನಲ್ಲಿ ನಿಜವಾದದ್ದು ಅದೊಂದೇ ಇರಬೇಕು.

ಭಾಷಣವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಅದರಲ್ಲಿ ಹೆಸರೇ ಇಲ್ಲ, ಯಾರ ಮಗಳಿಗೂ ನಡೆಯುತ್ತದೆ.

ಗುನ್ವೋರ್

ತಾ.ಕ.: ನಾನೊಬ್ಬಳೇ ಬಂದದ್ದಲ್ಲ. ನಿನ್ನ ಮಾತು ಕಿವಿಯಾರೆ ಕೇಳಿದ ಮೇಲೂ ಮಾರೆನ್ ಒಳಗೆ ಬಂದು ನಿನ್ನ ಮುಂದೆ ನಿಂತಳು. ನೀನು ಅವಳನ್ನು ನೋಡಿ ನಾಲ್ಕು ವರ್ಷವಾಗಿತ್ತು. ಕೂದಲು ಗಿಡ್ಡ ಮಾಡಿಸಿಕೊಂಡ ಉದ್ದನೆಯ ಹುಡುಗಿ, ಈಗ ನೆನಪಾಯಿತೇ? ನೀನು ಅವಳ ಕೈಗೆ ಫ್ಲ್ಯಾಟಿನ ಜಾಹೀರಾತು ಕೊಟ್ಟು, "ನಿಮ್ಮಜ್ಜ ಅಜ್ಜಿಗೆ ಕೊಡು ಮಗು, ಮನೆಯಿಂದ ಬರೀ ಆರೂವರೆ ಗಂಟೆ ಅಂತ ಹೇಳು" ಎಂದೆ. "ಹೇಳ್ತೀನಿ" ಎಂದಳು. ಹೊರಗೆ ಬಂದವಳು ನನ್ನನ್ನು ಕೇಳಿದ್ದು ಇಷ್ಟೇ: "ಅಮ್ಮಾ, ಊಟದ ದಿನ ನೀನೇ ಎದ್ದು ಮಾತಾಡ್ತೀಯಾ?"